ಬ್ರೇಕ್ ಲಿವರ್ ಮೆತ್ತಗಾಯಿತೇ? ಆಯಿಲ್ ಹಾಕಿಸುವ ಮೊದಲು ಇದನ್ನು ಓದಿ

ಭಾನುವಾರ ಬೆಳಿಗ್ಗೆ ಆರು ಗಂಟೆ. ರಾಯಚೂರಿನಿಂದ ಮಾನ್ವಿ ಕಡೆ ಮೂವರು ಗೆಳೆಯರು ಸೈಕಲ್ ಏರಿ ಹೊರಟಿದ್ದೆವು. ಹೋಗಿ ಬಂದರೆ ತೊಂಬತ್ತು ಕಿಲೋಮೀಟರ್ ಆಸುಪಾಸು. ಬಿಸಿಲೇರುವ ಮುಂಚೆ ಮನೆ ಸೇರುವ ಲೆಕ್ಕಾಚಾರ. ಸಣ್ಣ ಇಳಿಜಾರಿನಲ್ಲಿ ಸೈಕಲ್ ವೇಗ ಹಿಡಿದಿತ್ತು, ಅಷ್ಟರಲ್ಲಿ ಕುರಿ ಹಿಂಡೊಂದು ಹೊಲದಿಂದ ರಸ್ತೆಗೆ ಏರಿತು. ಹಿಂಡಿನ ನಡುವೆ ಕೋಲು ಹಿಡಿದ ಹುಡುಗನೊಬ್ಬನಿದ್ದ.

ಮುಂದಿನ ಬ್ರೇಕ್ ಒತ್ತಿದೆ. ಲಿವರ್ ಸ್ಪಂಜಿನಂತೆ ಮೆತ್ತಗೆ ಸರಿದು ಸೀದಾ ಹ್ಯಾಂಡಲ್‌ಗೆ ತಾಗಿತು. ಸೈಕಲ್ ನಿಲ್ಲಲೇ ಇಲ್ಲ. ಗಾಬರಿಯಲ್ಲಿ ಪಟಪಟನೆ ಮೂರು ಸಲ ಒತ್ತಿದೆ, ಮೂರನೇ ಸಲಕ್ಕೆ ಹಿಡಿಯಿತು. ಕೊನೆಯ ಕುರಿಗೂ ನನಗೂ ಒಂದು ಗೇಣು ಅಂತರ. "ಏನ್ರೀ ಅಣ್ಣಾ, ಬ್ರೇಕ್ ಹಿಡೀವಲ್ದೇನು?" ಎಂದು ಹುಡುಗ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮನೆಗೆ ಬಂದ ಮೇಲೆ. ಹಿಂದಿನ ವಾರ ದೇವದುರ್ಗ ರಸ್ತೆಯಲ್ಲಿ, ಗಬ್ಬೂರಿನ ಹತ್ತಿರ, ಜಾಲಿ ಮುಳ್ಳು ಚುಚ್ಚಿ ಟೈರ್ ಪಂಕ್ಚರ್ ಆಗಿತ್ತು. ಎಲ್ಲರೂ ಮಾಡುವಂತೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಅರ್ಧ ಗಂಟೆ ಪ್ಯಾಚ್ ಹಾಕಿದ್ದೆ. ಅವತ್ತಿನಿಂದಲೇ ಲಿವರ್ ಸ್ವಲ್ಪ ಸಡಿಲ ಅನಿಸುತ್ತಿತ್ತು. "ನೋಡಿದ್ರಾಯ್ತು" ಅಂತ ಬಿಟ್ಟಿದ್ದೆ.

ಒಳಗೆ ಆಗುವುದೇನು?

ಈಗ ಹತ್ತಾರು ಸಾವಿರ ಕೊಟ್ಟು ಕೊಳ್ಳುವ ಬಹಳಷ್ಟು ಮೌಂಟನ್ ಬೈಕ್‌ಗಳಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುತ್ತದೆ. ಇದರಲ್ಲಿ ತಂತಿ ಇಲ್ಲ. ಲಿವರ್ ಒತ್ತಿದಾಗ ಒಂದು ಸಣ್ಣ ಪಿಸ್ಟನ್ ಎಣ್ಣೆಯನ್ನು ಪೈಪಿನೊಳಗೆ ತಳ್ಳುತ್ತದೆ. ಆ ಒತ್ತಡ ಚಕ್ರದ ಬಳಿಯ ಕ್ಯಾಲಿಪರ್‌ಗೆ ಹೋಗಿ, ಅಲ್ಲಿನ ದೊಡ್ಡ ಪಿಸ್ಟನ್‌ಗಳು ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತವೆ. ಹೈಸ್ಕೂಲಿನಲ್ಲಿ ಓದಿದ ಪಾಸ್ಕಲ್ ನಿಯಮ, ಅಷ್ಟೇ.

ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಎನ್ನಬಹುದು. ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಸೇರಿದರೂ ನಿಮ್ಮ ಬೆರಳಿನ ಬಲ ಮೊದಲು ಆ ಗುಳ್ಳೆಯನ್ನು ಹಿಚುಕುವುದಕ್ಕೇ ಖರ್ಚಾಗುತ್ತದೆ. ಲಿವರ್ ಮೆತ್ತಗಾಗುವುದು ಹೀಗೆ.

ಲಿವರ್ ಹತ್ತಿರ ಎಣ್ಣೆಯ ಪುಟ್ಟ ಟ್ಯಾಂಕ್ ಇರುತ್ತದೆ. ಎಣ್ಣೆ ಹಳೆಯದಾಗಿ ಮಟ್ಟ ಇಳಿದಿದ್ದರೆ ಅದರ ಮೇಲ್ಭಾಗದಲ್ಲಿ ಗಾಳಿ ಕೂತಿರುತ್ತದೆ. ಸೈಕಲ್ ನೆಟ್ಟಗಿದ್ದಾಗ ಅದರಿಂದ ತೊಂದರೆ ಇಲ್ಲ. ತಲೆಕೆಳಗೆ ಮಾಡಿದರೆ ಅದೇ ಗಾಳಿ ಪೈಪಿನ ಕಡೆ ಏರುತ್ತದೆ. ಜಾಲಿ ಮುಳ್ಳಿನ ನಮ್ಮ ಊರುಗಳಲ್ಲಿ ಪಂಕ್ಚರ್ ತಪ್ಪಿದ್ದಲ್ಲ, ಹಾಗಾಗಿ ಈ ತೊಂದರೆಯೂ ನಮಗೆ ಹೊಸದಲ್ಲ. ಬಸ್ಸಿನ ಮೇಲೆ ಅಥವಾ ಕಾರಿನ ಡಿಕ್ಕಿಯಲ್ಲಿ ಸೈಕಲ್ ಮಲಗಿಸಿ ಒಯ್ದಾಗಲೂ ಹೀಗಾಗಬಹುದು.

ಯಾವ ಬಗೆಯ ಮೆತ್ತಗೆ?

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ನಿಮಿಷ ಬೆರಳಿನಿಂದಲೇ ಪರೀಕ್ಷೆ ಮಾಡಿ.

ಪಟಪಟನೆ ಒತ್ತಿದಾಗ ಲಿವರ್ ಗಟ್ಟಿಯಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮೆತ್ತಗಾಗುತ್ತಿದ್ದರೆ ಬಹುಪಾಲು ಒಳಗೆ ಗಾಳಿ ಇದೆ.

ಲಿವರ್ ಗಟ್ಟಿಯಾಗಿಯೇ ಇದ್ದು ತುಂಬ ದೂರ ಸರಿದ ಮೇಲೆ ಹಿಡಿಯುತ್ತಿದ್ದರೆ ಮೊದಲು ಪ್ಯಾಡ್ ನೋಡಿ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಮೆತ್ತಿಕೊಂಡು ಪ್ಯಾಡ್ ಬೇಗ ಸವೆಯುತ್ತದೆ. ಲೋಹದ ತಟ್ಟೆಯ ಮೇಲಿನ ಪದರ 0.5 ಮಿಲಿಮೀಟರ್‌ಗೆ ಬಂದಿದ್ದರೆ ಪ್ಯಾಡ್ ಬದಲಿಸುವ ಹೊತ್ತು. ಡಿಸ್ಕ್ ಕೂಡ ಸವೆಯುತ್ತದೆ. ಶಿಮಾನೊ ಡಿಸ್ಕ್ 1.5 ಮಿಲಿಮೀಟರ್‌ಗೆ ಇಳಿದರೆ ಅದನ್ನು ಬಳಸಬಾರದು.

ಲಿವರ್ ಒತ್ತಿ ಹಿಡಿದೇ ಇದ್ದಾಗ ಮೆಲ್ಲಗೆ ಹ್ಯಾಂಡಲ್ ಕಡೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ ಅಥವಾ ಒಳಗಿನ ಸೀಲ್ ಕೆಟ್ಟಿದೆ. ಟಿಶ್ಯೂ ಪೇಪರ್‌ನಿಂದ ಪೈಪಿನ ಜೋಡಣೆಗಳನ್ನು, ಕ್ಯಾಲಿಪರ್ ಸುತ್ತ, ಲಿವರ್ ಕೆಳಗೆ ಒರೆಸಿ ನೋಡಿ. ಎಣ್ಣೆ ಅಂಟಿದರೆ ಆ ಸೈಕಲ್ ಏರಬೇಡಿ. ಗಾಳಿ ತೆಗೆದರೆ ಇದು ಸರಿಹೋಗುವುದಿಲ್ಲ.

ಬ್ರೇಕ್ ಎಣ್ಣೆ ಕುದ್ದು ಆವಿಯಾಗುವ ತೊಂದರೆ ಬರುವುದು ಉದ್ದನೆಯ ಘಾಟಿ ಇಳಿಯುವವರಿಗೆ. ನಮ್ಮದು ಹೆಚ್ಚೂಕಡಿಮೆ ಸಮತಟ್ಟು ನೆಲ. ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದರೂ ಅದರಿಂದಲೇ ಎಣ್ಣೆ ಕುದಿಯುವುದಿಲ್ಲ.

"ಬ್ರೇಕ್ ಆಯಿಲ್ ಅಂದ್ರ ಬ್ರೇಕ್ ಆಯಿಲೇ ರೀ"

ನನ್ನ ಬ್ರೇಕಿನ ಒಳಗೆ ಗಾಳಿ ಇದೆ ಎಂದು ಗೊತ್ತಾದ ಮೇಲೆ ನಾನು ಹೋದದ್ದು ಮೋಟರ್‌ಬೈಕ್ ರಿಪೇರಿ ಅಂಗಡಿಗೆ. ಹೈಡ್ರಾಲಿಕ್ ಬ್ರೇಕ್ ಗೊತ್ತಿರುವವರು ಅಲ್ಲೇ ಸಿಗುವುದು. ಮೇಸ್ತ್ರಿ ಲಿವರ್ ಒತ್ತಿ ನೋಡಿ, "ಏರ್ ಹಿಡದದ ರೀ, ಹತ್ತು ನಿಮಿಷದ ಕೆಲಸ" ಎಂದರು. ಸರಿಯಾಗಿಯೇ ಹೇಳಿದ್ದರು. ಆಮೇಲೆ ಕಪಾಟಿನಿಂದ ಒಂದು ಬಾಟಲಿ ತೆಗೆದರು. ಅದರ ಮೇಲೆ ಡಾಟ್ 4 ಎಂದಿತ್ತು.

"ತಡೀರಿ ಅಣ್ಣಾ, ಇದಕ್ಕ ಅದು ನಡೀತದೇನು?"

"ಬ್ರೇಕ್ ಆಯಿಲ್ ಅಂದ್ರ ಬ್ರೇಕ್ ಆಯಿಲೇ ರೀ. ಬೈಕಿಗೂ ಇದೇ, ಕಾರಿಗೂ ಇದೇ."

ಅವರ ಕೆಲಸದ ಮಟ್ಟಿಗೆ ಆ ಮಾತು ನಿಜ. ಸೈಕಲ್ ಮಟ್ಟಿಗೆ ಅಲ್ಲ. ಶಿಮಾನೊ, ಟೆಕ್ಟ್ರೋ, ಮಗುರಾ ಬ್ರೇಕ್‌ಗಳು ನಡೆಯುವುದು ಮಿನರಲ್ ಆಯಿಲ್‌ನಲ್ಲಿ. ಶ್ರಾಮ್ ಕಂಪನಿಯ ಬಹಳಷ್ಟು ಬ್ರೇಕ್‌ಗಳಿಗೆ ಡಾಟ್ 5.1 ಬೇಕು, ಅದರದೇ ಕೆಲವು ಹೊಸ ಮಾದರಿಗಳಿಗೆ ಮಿನರಲ್ ಆಯಿಲ್. ಎರಡೂ ಬೇರೆ ಬೇರೆ ರಾಸಾಯನಿಕಗಳು. ಮಿನರಲ್ ಆಯಿಲ್‌ಗೆಂದು ಮಾಡಿದ ರಬ್ಬರ್ ಸೀಲ್‌ಗಳಿಗೆ ಡಾಟ್ ದ್ರವ ತಾಗಿದರೆ ಅವು ಊದಿಕೊಂಡು ಹಾಳಾಗುತ್ತವೆ. ಡಾಟ್ ಬ್ರೇಕಿಗೆ ಮಿನರಲ್ ಆಯಿಲ್ ಹಾಕಿದರೂ ಅದೇ ಗತಿ. ಹಾಕಿದ ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯಬಹುದು. ಕೈಕೊಡುವುದು ಆಮೇಲೆ, ಯಾವುದೋ ರಸ್ತೆಯಲ್ಲಿ. ಆಗ ಸೀಲ್‌ಗಳನ್ನೆಲ್ಲ ಬದಲಿಸಬೇಕು, ಅಂದರೆ ಬಹುತೇಕ ಹೊಸ ಬ್ರೇಕನ್ನೇ ತರಬೇಕು.

ಡಾಟ್ ದ್ರವಕ್ಕೆ ಇನ್ನೊಂದು ಗುಣ ಇದೆ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಆ ಮಿತಿ 155. ಹಾಗಾಗಿ ಶ್ರಾಮ್ ಬ್ರೇಕ್ ಇರುವವರು ತೆರೆದು ಬಹಳ ದಿನವಾದ ಬಾಟಲಿಯನ್ನು ಬಳಸಬಾರದು.

ನಾನು ಲಿವರ್‌ನ ಮುಚ್ಚಳ ತೋರಿಸಿದೆ. ಮಿನರಲ್ ಆಯಿಲ್ ಎಂದು ಅದರ ಮೇಲೇ ಬರೆದಿತ್ತು. ಮೇಸ್ತ್ರಿ ಕನ್ನಡಕ ಏರಿಸಿ ಓದಿ, "ಹೌದಲ್ಲ! ನೀವು ಎಣ್ಣಿ ತರಸ್ರಿ, ಪಾನಾ ನಾ ಕೊಡ್ತೀನಿ" ಎಂದು ನಕ್ಕರು. ಎಣ್ಣೆ, ಸಿರಿಂಜ್, ಫನಲ್ ಇರುವ ಬ್ಲೀಡ್ ಕಿಟ್ ಆನ್‌ಲೈನ್‌ನಲ್ಲಿ ತರಿಸಿದೆ. ಅದು ಬರುವವರೆಗೆ ಸೈಕಲ್ ಗೋಡೆಗೆ ಒರಗಿತ್ತು.

ಗಾಳಿ ತೆಗೆಯುವ ಬಗೆ

ಮೊದಲು ಸುಲಭದ ದಾರಿ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಲಿವರ್ ಒತ್ತಿ ರಬ್ಬರ್ ಬ್ಯಾಂಡಿನಿಂದ ಹ್ಯಾಂಡಲ್‌ಗೆ ಕಟ್ಟಿ ರಾತ್ರಿಯಿಡೀ ಬಿಡಿ. ಸಣ್ಣ ಗುಳ್ಳೆಗಳು ಮೇಲೇರಿ ಟ್ಯಾಂಕ್ ಸೇರಬಹುದು. ಆದರೆ ಗಾಳಿ ಹೊರಗೆ ಹೋಗಿರುವುದಿಲ್ಲ, ಮುಂದಿನ ಪಂಕ್ಚರ್‌ಗೆ ಮತ್ತೆ ಪೈಪಿಗೆ ಇಳಿಯುತ್ತದೆ. ಪೂರ್ತಿ ಪರಿಹಾರ ಬ್ಲೀಡಿಂಗ್. ಶಿಮಾನೊ ಬ್ರೇಕಿಗೆ ಹೀಗೆ:

1. ಚಕ್ರ ತೆಗೆಯಿರಿ, ಪ್ಯಾಡ್ ತೆಗೆದು ಕಾಗದದಲ್ಲಿ ಸುತ್ತಿ ದೂರ ಇಡಿ. ಒಂದು ಹನಿ ಎಣ್ಣೆ ತಾಗಿದರೂ ಪ್ಯಾಡ್ ಕೆಡುತ್ತದೆ.

2. ಪಿಸ್ಟನ್‌ಗಳನ್ನು ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಮೆಲ್ಲಗೆ ಒಳಗೆ ತಳ್ಳಿ, ನಡುವೆ ಬ್ಲೀಡ್ ಬ್ಲಾಕ್ ಸಿಕ್ಕಿಸಿ. ಬ್ಲಾಕ್ ಇಲ್ಲದೆ ಲಿವರ್ ಒತ್ತಿದರೆ ಪಿಸ್ಟನ್ ಹೊರಗೇ ಬರುತ್ತದೆ.

3. ಲಿವರನ್ನು ನೆಲಕ್ಕೆ ಸಮಾನಾಂತರವಾಗಿ ತಿರುಗಿಸಿ. ಅದರ ಮೇಲಿನ ಸಣ್ಣ ಸ್ಕ್ರೂ ಬಿಚ್ಚಿ ಫನಲ್ ಕೂರಿಸಿ. ಸ್ಕ್ರೂ ಜೊತೆಗಿರುವ ರಬ್ಬರ್ ಉಂಗುರ ಕಳೆಯಬೇಡಿ.

4. ಸಿರಿಂಜಿನಲ್ಲಿ ಎಣ್ಣೆ ತುಂಬಿ, ಅದರೊಳಗಿನ ಗಾಳಿ ಹೊರಹಾಕಿ ಕ್ಯಾಲಿಪರ್ ನಿಪ್ಪಲ್‌ಗೆ ಜೋಡಿಸಿ. ನಿಪ್ಪಲ್ಲನ್ನು ಸುತ್ತಿನ ಎಂಟನೇ ಒಂದು ಭಾಗ ಸಡಿಲಿಸಿ (ಹೆಚ್ಚಿನವಕ್ಕೆ 7 ಎಂಎಂ ಪಾನಾ ಸಾಕು). ಕೆಳಗಿನಿಂದ ನಿಧಾನವಾಗಿ ಎಣ್ಣೆ ತಳ್ಳಿ. ಮೇಲಿನ ಫನಲ್‌ನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೂ ಮುಂದುವರಿಸಿ. ನಡುನಡುವೆ ಪೈಪನ್ನು ಬೆರಳಿನಿಂದ ತಟ್ಟಿ.

5. ನಿಪ್ಪಲ್ ಮುಚ್ಚಿ, ಸಿರಿಂಜ್ ಬದಲು ಚೀಲ ಕಟ್ಟಿದ ಟ್ಯೂಬ್ ಹಾಕಿ. ಮತ್ತೆ ತೆರೆದು ಎಣ್ಣೆಯನ್ನು ಮೇಲಿನಿಂದ ಕೆಳಗೆ ಹರಿಯಬಿಡಿ. ಫನಲ್ ಖಾಲಿಯಾಗಲು ಬಿಡಬೇಡಿ. ಖಾಲಿಯಾದರೆ ಮತ್ತೆ ಗಾಳಿ, ಮತ್ತೆ ಮೊದಲಿನಿಂದ ಕೆಲಸ.

6. ನಿಪ್ಪಲ್ ಮುಚ್ಚಿದ ಮೇಲೆ ಲಿವರ್ ಹಲವು ಸಲ ಒತ್ತಿ. ಲಿವರ್ ಗಟ್ಟಿಯಾದಾಗ ಅದನ್ನು ಒತ್ತಿ ಹಿಡಿದೇ, ಅರ್ಧ ಸೆಕೆಂಡು ಮಾತ್ರ ನಿಪ್ಪಲ್ ತೆರೆದು ಮುಚ್ಚಿ. ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೆ ನಿಪ್ಪಲ್ ಬಿಗಿ ಮಾಡಿ.

7. ಲಿವರನ್ನು ಸ್ವಲ್ಪ ಮೇಲಕ್ಕೂ ಕೆಳಕ್ಕೂ ವಾಲಿಸಿ ಒತ್ತುತ್ತಿರಿ, ಉಳಿದ ಗುಳ್ಳೆಗಳು ಫನಲ್‌ಗೆ ಬರುತ್ತವೆ. ಫನಲ್ ತೆಗೆದು, ಎಣ್ಣೆ ತುಂಬಿ ತುಳುಕುತ್ತಿರುವಾಗಲೇ ಸ್ಕ್ರೂ ಹಾಕಿ. ಅದನ್ನು ಬಲವಾಗಿ ತಿರುವಬೇಡಿ, ಎಳೆ ಕಿತ್ತುಹೋಗುತ್ತದೆ.

8. ಚೆಲ್ಲಿದ ಎಣ್ಣೆಯನ್ನೆಲ್ಲ ಒರೆಸಿ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುಭ್ರ ಬಟ್ಟೆಯಿಂದ ಉಜ್ಜಿ. ಬ್ಲಾಕ್ ತೆಗೆದು ಪ್ಯಾಡ್, ಚಕ್ರ ಕೂರಿಸಿ, ಆಮೇಲೆ ಲಿವರ್ ಒತ್ತಿ ಪ್ಯಾಡ್‌ಗಳನ್ನು ಡಿಸ್ಕಿನ ಹತ್ತಿರ ತನ್ನಿ.

ಮೊದಲ ಸಲ ನನಗೆ ಒಂದೂವರೆ ಗಂಟೆ ಹಿಡಿಯಿತು. ಫನಲ್ ಒಮ್ಮೆ ಖಾಲಿಯಾಗಿ ನಾಲ್ಕನೇ ಹಂತಕ್ಕೆ ವಾಪಸ್ ಹೋಗಬೇಕಾಯಿತು. ಬೇರೆ ಕಂಪನಿಯ ಬ್ರೇಕ್ ಇದ್ದರೆ ಅದರದೇ ಕಿಟ್, ಅದರದೇ ಕ್ರಮ ಅನುಸರಿಸಿ.

ರಸ್ತೆಗಿಳಿಯುವ ಮುನ್ನ

ಲಿವರನ್ನು ಜೋರಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಅದು ಕೆಳಗಿಳಿಯಬಾರದು, ಎಲ್ಲೂ ಎಣ್ಣೆ ಜಿನುಗಬಾರದು. ಆಮೇಲೆ ಓಣಿಯಲ್ಲೇ ನಿಧಾನ ವೇಗದಲ್ಲಿ ಹತ್ತಾರು ಸಲ ನಿಲ್ಲಿಸಿ ನೋಡಿ. ಎರಡು ಸಲ ಬ್ಲೀಡ್ ಮಾಡಿದರೂ ಮೆತ್ತಗೇ ಇದ್ದರೆ ತೊಂದರೆ ಗಾಳಿಯದಲ್ಲ, ಸೀಲಿನದು. ಆಗ ಸೈಕಲ್ ಸರ್ವಿಸ್ ಗೊತ್ತಿರುವವರ ಕೈಗೆ ಕೊಡಿ.

ದಾರಿಯಲ್ಲಿ ಪಂಕ್ಚರ್ ಆದರೆ ನಾನೀಗ ಸೈಕಲ್ಲನ್ನು ಮರಕ್ಕೆ ಒರಗಿಸಿ ಚಕ್ರ ಬಿಚ್ಚುತ್ತೇನೆ. ಚಕ್ರ ಇಲ್ಲದಾಗ ಯಾರೂ ಲಿವರ್ ಮುಟ್ಟದಂತೆ ನೋಡಿಕೊಳ್ಳುತ್ತೇನೆ. ಹೊರಡುವ ಮುಂಚೆ ಗೇಟಿನ ಒಳಗೇ ನಿಂತು ಎರಡೂ ಲಿವರ್ ಒತ್ತಿ ನೋಡುತ್ತೇನೆ. ಮೊದಲ ಒತ್ತಿಗೇ ಗಟ್ಟಿಯಾಗಿ ನಿಂತರೆ ಮಾತ್ರ ಮಾನ್ವಿ ರಸ್ತೆ. ಇಲ್ಲವಾದರೆ ಅವತ್ತು ಗೆಳೆಯರು ಹೋಗಿ ಬರಲಿ, ನಾನು ಮನೆಯಲ್ಲಿ ಸಿರಿಂಜ್ ಹಿಡಿದು ಕೂರುತ್ತೇನೆ.