ಅಘನಾಶಿನಿಯ ಅಳಿವೆ ಮತ್ತು ಅಲ್ಲಿನ ಹಕ್ಕಿಗಳು

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಶಿರಸಿ-ಸಿದ್ದಾಪುರ ಸೀಮೆಯ ಅಡಿಕೆ ತೋಟಗಳ ಬಸಿನೀರನ್ನು ಕೂಡಿಸಿಕೊಂಡು ತದಡಿಯ ಬಳಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಆದುದರಿಂದ ಘಟ್ಟದ ಮೆಕ್ಕಲು ತಡೆಯಿಲ್ಲದೆ ಅಳಿವೆಗೆ ಇಳಿಯುತ್ತದೆ.

ಮಿರ್ಜಾನ ಕೋಟೆಯಿಂದ ಕೆಳಗೆ ಹೊಳೆ ಅಗಲವಾಗುತ್ತದೆ. ದಿನಕ್ಕೆರಡು ಬಾರಿ ಭರತದ ಉಪ್ಪುನೀರು ಒಳಬಂದು, ಇಳಿತದಲ್ಲಿ ಹಿಂದೆ ಸರಿದಾಗ ಕೆಸರುಬಯಲು ತೆರೆದುಕೊಳ್ಳುತ್ತದೆ. ಹಕ್ಕಿಗಳ ಊಟದ ಹೊತ್ತು ಅದೇ. ನೋಡಹೋಗುವವರು ಇಳಿತದ ವೇಳೆಯನ್ನು ಊರವರಲ್ಲಿ ಕೇಳಿಕೊಂಡು ಹೋಗುವುದು ಲೇಸು. ಚಳಿಗಾಲದಲ್ಲಿ ಉತ್ತರದ ಹಿಮದ ನಾಡುಗಳಿಂದ ಬರುವ ಗೊರವ ಜಾತಿಯ ಹಕ್ಕಿಗಳು ಕೊಕ್ಕನ್ನು ಕೆಸರಿನಲ್ಲಿ ಊರಿ ಹುಳು, ಏಡಿಮರಿ, ಸಣ್ಣ ಚಿಪ್ಪಿಗಳನ್ನು ಹೆಕ್ಕುತ್ತವೆ. ಬೆಳ್ಳಕ್ಕಿ, ಕಡಲಕಾಗೆ, ಗರುಡ, ಮೀನನ್ನೇ ನಂಬಿದ ಮೀನುಡೇಗೆ ಇವೂ ಉಂಟು. ಬೆಳಚು ಹೆಕ್ಕುವ ಹೆಂಗಸರೂ ಅದೇ ಕೆಸರಿಗೆ ಇಳಿಯುತ್ತಾರೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು.

ನಮಗೂ ಈ ಕೆಸರಿಗೂ ಸಂಬಂಧವಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. ತಾಮ್ರ ಕೊಳೆತುಹೋಗುವ ವಸ್ತುವಲ್ಲ. ಮಣ್ಣಿಗೆ ಅಂಟಿ, ಮಳೆಯಲ್ಲಿ ಮಣ್ಣಿನೊಡನೆ ಹಳ್ಳಕ್ಕಿಳಿಯುತ್ತದೆ. ಅದು ಹೆಚ್ಚಾದರೆ ಚಿಪ್ಪಿಜೀವಿಗಳಿಗೆ ವಿಷ. ಔಷಧಿ ಬಿಡಿರೆಂದು ಯಾವ ಬೆಳೆಗಾರನಿಗೂ ಹೇಳಲಾಗದು. ಕೊಳೆ ಹೊಡೆದ ವರ್ಷದ ಪಾಡು ಎಲ್ಲರಿಗೂ ಗೊತ್ತು. ಆದರೆ ಉಳಿದ ದ್ರಾವಣವನ್ನೂ ಪೀಪಾಯಿ ತೊಳೆದ ನೀರನ್ನೂ ಹಳ್ಳಕ್ಕೆ ಚೆಲ್ಲದಿರಬಹುದು. ಬಸಿಗಾಲುವೆಯ ಕೊನೆಯಲ್ಲಿ ಒಂದು ಗುಂಡಿ ತೋಡಿದರೆ ತೋಟದ ಮೇಲ್ಮಣ್ಣು ಅಲ್ಲಿಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದನ್ನು ಎತ್ತಿ ಮರಳಿ ತೋಟಕ್ಕೇ ಹಾಕಿಕೊಳ್ಳಬಹುದು.