ಸೆಕೆಂಡ್ಸ್ ಕಲ್ಲು ಮತ್ತು ರಿಯಾಯಿತಿಯ ಲೆಕ್ಕ

ಮಳೆ ನಿಂತು ಕಣದ ಕೆಲಸ ನೆನಪಾಗುವ ಹೊತ್ತಿಗೆ ಸದಸ್ಯ ಬಾಂಧವರಲ್ಲಿ ನಾಲ್ಕಾರು ಮಂದಿಯಾದರೂ ಸಂಘದ ಕಚೇರಿಗೆ ಬಂದು, ಶಹಾಬಾದ ಕಲ್ಲು ಅಗ್ಗಕ್ಕೆ ಎಲ್ಲಿ ಸಿಗುತ್ತದೆಂದು ವಿಚಾರಿಸುವುದುಂಟು. ಆ ಸೀಮೆಯನ್ನು ನಾವು ಒಮ್ಮೆಗಿಂತ ಹೆಚ್ಚು ಸಲ ಸುತ್ತಿ ಬಂದಿದ್ದೇವೆ, ಒಮ್ಮೆ ಮೋಸವನ್ನೂ ಹೋಗಿದ್ದೇವೆ. ಆದ್ದರಿಂದ ಈ ಬಗ್ಗೆ ಎರಡು ಮಾತು ಬರೆಯುವುದು ಉಚಿತವೆಂದು ತೋರಿತು.

ವಾಡಿ ಜಂಕ್ಷನ್ನಿನಲ್ಲಿ ಇಳಿದರೆ ಮುಂಬಯಿ ಕಡೆಯ ಹಾದಿಯಲ್ಲಿ ಶಹಾಬಾದ, ಸಿಕಂದರಾಬಾದ ಕಡೆಯ ಹಾದಿಯಲ್ಲಿ ಚಿತ್ತಾಪುರ, ಸೇಡಂ. ಚಿಂಚೋಳಿಗೆ ಮಾತ್ರ ರೈಲಿಲ್ಲ, ಬಸ್ಸನ್ನೇ ನೆಚ್ಚಬೇಕು. ಅಲ್ಲಿನ ನೆಲದಡಿ ಇರುವುದು ಪದರು ಪದರಾದ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆರೆದಿರುವುದೂ ಆ ಸುಣ್ಣಕಲ್ಲಿನ ಕಾರಣದಿಂದಲೇ. ಪದರಿನ ಗುಂಟ ಉಳಿ ಹೊಡೆದರೆ ಕಲ್ಲು ಹಲಗೆಯಂತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಅಲ್ಲಿಯವರು ಫರಸಿ ಎನ್ನುತ್ತಾರೆ. ನೆಲಕ್ಕಷ್ಟೇ ಅಲ್ಲ, ಮಾಳಿಗೆಗೂ ಅದನ್ನೇ ಹೊದಿಸಿದ ಹಳೆಯ ಮನೆಗಳು ಆ ಊರುಗಳಲ್ಲಿವೆ.

ಆಯ್ದು ವಿಂಗಡಿಸಿದ ಮೇಲೆ ಉಳಿಯುವ ಕಲ್ಲೇ ಸೆಕೆಂಡ್ಸ್. ಇದರಲ್ಲಿ ಎರಡು ಜಾತಿ. ಬಣ್ಣ ಹೊಂದದ್ದು, ಅಂಚು ಒಡೆದದ್ದು, ಅಳತೆ ತಪ್ಪಿದ್ದು ಒಂದು ಜಾತಿ. ಪದರು ಸಡಿಲಾದದ್ದು, ದಪ್ಪ ಸಾಲದ್ದು ಇನ್ನೊಂದು. ಮೊದಲನೆಯದು ಕಣಕ್ಕೂ ಹಿತ್ತಿಲಿಗೂ ಬಂಗಾರ. ಕಾಫಿ ಬೀಜಕ್ಕೆ ನೆಲದ ಬಣ್ಣ ಕಟ್ಟಿಕೊಂಡು ಏನಾಗಬೇಕು? ಎರಡನೆಯದನ್ನು ಪುಕ್ಕಟೆ ಕೊಟ್ಟರೂ ಬೇಡ.

ನಾವು ಕೊಂಡದ್ದು ಆ ಎರಡನೆಯದನ್ನು. ಕೆಲವು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರು ಫೋನಿನಲ್ಲಿ ಅರ್ಧ ದರ ಹೇಳಿದರು. ಕಣ್ಣಾರೆ ನೋಡದೆ ಒಂದು ಲಾರಿ ಲೋಡು ತರಿಸಿ ಕಣಕ್ಕೆ ಹಾಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲು ಹಪ್ಪಳದಂತೆ ಎದ್ದಿತು. ಆ ಸಲದ ಪಾರ್ಚ್‌ಮೆಂಟಿನಲ್ಲಿ ಕಲ್ಲುಚಕ್ಕೆ ಸೇರಿ, ಕೊಳ್ಳುವವರು ದರದಲ್ಲಿ ಮುರಿದರು. ಕಿತ್ತು ಮತ್ತೆ ಹಾಸಿದ ಕೂಲಿ, ಸಿಮೆಂಟು ಎಲ್ಲ ಕೂಡಿಸಿದರೆ ಉಳಿಸಿದ್ದರ ಎರಡರಷ್ಟು ಕೈಬಿಟ್ಟಿತ್ತು. ಮನೆಯವರು ಇಂದಿಗೂ ಆ ಮಾತೆತ್ತುತ್ತಾರೆ.

ಪರೀಕ್ಷೆ ಕಷ್ಟವಲ್ಲ. ಹಲಗೆಯನ್ನು ಎತ್ತಿ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ, ಒಳಗೆ ಪದರು ಬಿಟ್ಟದ್ದು ಮಂಕಾಗಿ ದಬ್ಬೆನ್ನುತ್ತದೆ. ನೀರು ಚೆಲ್ಲಿ ಆರಲು ಬಿಡಿ. ಮೈಯೆಲ್ಲ ಆರಿದ ಮೇಲೂ ಬಿರುಕಿನ ಗೆರೆ ಒದ್ದೆಯಾಗಿಯೇ ಕಾಣುತ್ತದೆ. ಇನ್ನು ಸಾಗಣೆ. ಒಂದು ಅಂಗುಲ ದಪ್ಪದ ಚದರಡಿ ಕಲ್ಲು ಸುಮಾರು 6 ಕಿಲೋ ತೂಗುತ್ತದೆ, ಒಂದೂವರೆ ಅಂಗುಲದ್ದು 9 ಕಿಲೋ ಮೀರುತ್ತದೆ. ಹತ್ತು ಟನ್ನಿನ ಲೋಡಿನಲ್ಲಿ ಮೊದಲನೆಯದು 1,600 ಚದರಡಿ ಬಂದರೆ ಎರಡನೆಯದು ಸಾವಿರದ ಆಸುಪಾಸು ಮಾತ್ರ. ಮಲೆನಾಡಿನವರೆಗೆ ತರುವ ಬಾಡಿಗೆ ಕಲ್ಲಿನ ಬೆಲೆಯನ್ನೇ ನುಂಗೀತು. ಅರ್ಧ ಲೋಡಿನ ಅಗ್ಗ ಅಗ್ಗವೇ ಅಲ್ಲ. ಅಳತೆ ತಪ್ಪಿದ ಕಲ್ಲಿಗೆ ಸಂದುಗಳೂ ಗಾರೆಯೂ ಹೆಚ್ಚು ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಿಮೆಂಟಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಸರಿಯಾಗಿ ಬಂದಿದೆಯೇ ನೋಡಿಕೊಳ್ಳಿ. ಹಾಸಿದ ಮೇಲೆ ಆಸಿಡ್ ಹಾಕಿ ತೊಳೆಯಬೇಡಿ. ಸುಣ್ಣಕಲ್ಲಾದ್ದರಿಂದ ಮೈ ತಿಂದುಹೋಗುತ್ತದೆ. ಅಡಿಕೆ ಚೊಗರಿನ ಕಲೆಯನ್ನು ಹಾಗೇ ಸಹಿಸಿಕೊಳ್ಳುವುದು ಲೇಸು.

ಅದೇ ಸೀಮೆಯಿಂದ ನಾವು ತಪ್ಪದೆ ತರುವ ಇನ್ನೊಂದು ಪದಾರ್ಥ ತೊಗರಿ ಬೇಳೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಹೊಸ ಬೆಳೆ ಮಾರುಕಟ್ಟೆಗೆ ಬರುವ ಜನವರಿ-ಫೆಬ್ರವರಿಯಲ್ಲೇ ನಮ್ಮ ಕೈಯಲ್ಲೂ ಕಾಫಿ, ಅಡಿಕೆಯ ನಾಲ್ಕು ಕಾಸು ಓಡಾಡುತ್ತಿರುತ್ತದೆ. ವರ್ಷದ ಬೇಳೆಯನ್ನು ಆಗಲೇ ಕೊಂಡು, ಬಿಸಿಲಿಗೆ ಹಾಕಿ ಆರಿಸಿ ಡಬ್ಬ ತುಂಬಿಡುವುದು ಒಳ್ಳೆಯದು.

ಪೇಟೆಯ ರಿಯಾಯಿತಿಯ ಕಥೆ ಇದಕ್ಕೆ ತದ್ವಿರುದ್ಧ. ಮದುವೆ, ಗೃಹಪ್ರವೇಶಗಳಿಲ್ಲದ ಆಷಾಢದಲ್ಲಿ ಬಟ್ಟೆ, ಪಾತ್ರೆ, ಮಿಕ್ಸಿಗಳ ಅಂಗಡಿಗಳು ದರ ಇಳಿಸುತ್ತವೆ. ನಮಗೋ ಆಗ ಗೊಬ್ಬರ, ಕೂಲಿ, ಬೋರ್ಡೋ ದ್ರಾವಣದ ಖರ್ಚು, ಜೇಬು ಖಾಲಿ. ಸಾಲ ಮಾಡಿ ರಿಯಾಯಿತಿ ಹಿಡಿಯುವವರನ್ನು ಕಂಡಿದ್ದೇವೆ. ಬಡ್ಡಿ ಕಟ್ಟಿದ ಮೇಲೆ ಅವರಿಗೆ ಉಳಿದದ್ದು ರಿಯಾಯಿತಿಯ ಚೀಟಿ ಮಾತ್ರ. ಬೇಕಾದ ಸಾಮಾನಿನ ಪಟ್ಟಿ ಬರೆದು, ಮಾರ್ಚಿಯಲ್ಲೇ ಅಷ್ಟು ಹಣವನ್ನು ಸಂಘದ ಠೇವಣಿಗೆ ಹಾಕಿಡಬಹುದು. ರಿಯಾಯಿತಿಯನ್ನು ಡಬ್ಬದ ಮೇಲಿನ ಗರಿಷ್ಠ ಬೆಲೆಯ ಮೇಲೆ ಎಣಿಸಬೇಡಿ. ಆ ಅಂಗಡಿ ವೈಶಾಖದಲ್ಲಿ ಎಷ್ಟಕ್ಕೆ ಮಾರುತ್ತಿತ್ತು ಎಂಬುದೇ ನಿಜವಾದ ಅಳತೆ.

ಕೂಪನ್ನಿನ ವಿಷಯ. ಬಣ್ಣದ ಡಬ್ಬಗಳಲ್ಲಿ ಪೇಂಟರಿಗೆಂದು ಕೂಪನ್ ಇಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಹಣ ಕೊಡುವವರು ನಾವು, ಲಾಭ ಅವರಿಗೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಯಾವ ಕಂಪನಿಯ ಬಣ್ಣ, ಎಷ್ಟು ಲೀಟರು ಎಂಬುದನ್ನು ಕೂಪನ್ ನಿರ್ಧರಿಸಬಾರದು. ಕೂಪನ್ ಯಾರಿಗೆಂದು ಕೂಲಿ ಮಾತನಾಡುವಾಗಲೇ ಇತ್ಯರ್ಥ ಮಾಡಿಕೊಳ್ಳಿ, ಗೋಡೆಯನ್ನು ನೀವೇ ಅಳೆಯಿರಿ.

ಅಗ್ಗದ ಮಾಲಿಗೂ ಬಿಲ್ಲು ಕೇಳಿ ಪಡೆಯಿರಿ. ಸೆಕೆಂಡ್ಸ್ ಆದರೆ ದೋಷ ಏನೆಂದು ಅದರಲ್ಲೇ ಬರೆಸಿ. ‘ಮಾರಿದ ಮಾಲು ಹಿಂದಕ್ಕಿಲ್ಲ’ ಎಂದು ಅಚ್ಚಾದ ಮಾತ್ರಕ್ಕೆ ಹೆದರಬೇಕಿಲ್ಲ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಲೊಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ನಮ್ಮ ಕಲ್ಲಿನ ಲೋಡಿಗೆ ಬಿಲ್ಲೇ ಇರಲಿಲ್ಲ.

ಒಂದು ಪೂರ್ಣ ಲೋಡಿಗಾಗುವಷ್ಟು ಬೇಡಿಕೆ ಬಂದರೆ ಸಂಘದ ಪರವಾಗಿ ಇಬ್ಬರು ಹೋಗಿ, ಕಲ್ಲು ತಟ್ಟಿ ನೋಡಿ, ಲಾರಿಗೆ ಹೇರಿಸುವವರೆಗೆ ನಿಂತು ಬರಲು ಸಿದ್ಧರಿದ್ದಾರೆ. ಬೇಕಾದವರು ಕಣದ ಉದ್ದಗಲ, ಕಲ್ಲಿನ ದಪ್ಪ ಬರೆದು ಕಚೇರಿಗೆ ತಲುಪಿಸಿ. ಮುಂಗಡ ಹಣ ಈಗಲೇ ಬೇಡ.