ತಾರಸಿ ಮನೆಯಲ್ಲಿ ಕೆಂಡ

ಕೃಷ್ಣರಾಜಪುರದ ಸುತ್ತಣ ಹಳ್ಳಿಗಳಲ್ಲಿ ಹೆಂಚಿನ ಮನೆಗಳು ಕಡಮೆಯಾಗಿ ತಾರಸಿ ಮನೆಗಳು ಎದ್ದಿವೆ. ಹೆಂಚಿನ ಸಂದುಗಳಲ್ಲಿ ಹೊಗೆ ತಾನಾಗಿ ಹೊರಹೋಗುತ್ತಿತ್ತು. ತಾರಸಿಯಲ್ಲಿ ಆ ಸಂದಿಲ್ಲ. ಚಳಿಗಾಲದಲ್ಲಿ ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಕದ ಮುಚ್ಚುವ ರೂಢಿ ಮಾತ್ರ ಬಿಟ್ಟಿಲ್ಲ.

ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಅದು ಹಿಡಿಯುತ್ತದೆ; ಮಲಗಿದವರು ಏಳದೆಯೇ ಹೋಗಬಹುದು. ತಲೆನೋವು, ವಾಕರಿಕೆ ಕಂಡೊಡನೆ ತಾಯಿಮಗುವನ್ನು ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಿರಿ.

ಶೀತವಾದೀತೆಂಬ ಅಜ್ಜಿಯರ ಅಂಜಿಕೆ ಸುಳ್ಳಲ್ಲ. ಕಂಬಳಿ ಹೊದಿಸಿರಿ, ಕೆಂಡ ಹೊರಗಿರಲಿ.

ಸೌದೆ ಒಲೆಯಿದ್ದರೆ ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂತೆ ಹೊಗೆಕೊಳವೆ ಇರಲಿ. ಬಿಸಿಗಾಳಿ ಮೇಲಕ್ಕೇರುವುದರಿಂದ ಗವಾಕ್ಷಿಯನ್ನು ಸೂರಿನಡಿಯಲ್ಲೇ ಬಿಡಿಸಿರಿ. ಸೊಳ್ಳೆಗೆ ತಂತಿಬಲೆ ಸಾಕು, ಹಲಗೆ ಬಡಿಯಬೇಡಿರಿ.